ಮಾರೆಪ್ಪನ ಗದ್ದೆಯ ವೃತ್ತ

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಹೊರಟಿದ್ದೆ. ಹಿಂದಿನ ಎರಡು ದಿನ ಅಕಾಲದ ಮಳೆ ಸುರಿದಿತ್ತು. ಕಮಲಾಪುರ ದಾಟಿ, ಬಂಡೆಗಳ ಸಾಲು ಹಿಂದಾಗಿ ಗದ್ದೆಗಳು ಶುರುವಾಗುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ಬಂತು. ಮಾಗಿದ ಭತ್ತ ನೆಲಕ್ಕೆ ಬಿದ್ದು ನೀರಿನಲ್ಲಿ ನೆನೆದರೆ ಬರುವ ವಾಸನೆ. ಅರ್ಧ ಸಿಹಿ, ಅರ್ಧ ಹುಳಿ. ಪಕ್ಕದಲ್ಲಿದ್ದ ನನ್ನ ಗಂಡ, "ಪಾಪ, ಎಷ್ಟು ಬೆಳೆ ಮಲಗಿಬಿಟ್ಟಿದೆ ನೋಡು" ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಮಾರೆಪ್ಪನ ವಿಷಯ ಅವರಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತಾರು. ಕಂಪ್ಲಿಯಿಂದ ಸ್ವಲ್ಪ ದೂರದ, ಕಾಲುವೆ ದಡದ ಹಳ್ಳಿಯೊಂದರ ಸರಕಾರಿ ಪ್ರೌಢಶಾಲೆಗೆ ಗಣಿತದ ಟೀಚರ್ ಆಗಿ ಸೇರಿ ಒಂದೂವರೆ ವರ್ಷವಾಗಿತ್ತು. ಪ್ರೊಬೇಷನ್ ಅವಧಿ ಇನ್ನೂ ಮುಗಿದಿರಲಿಲ್ಲ. ದಿನವೂ ಹೊಸಪೇಟೆಯಿಂದ ಎರಡು ಬಸ್ಸು ಬದಲಿಸಿ ಹೋಗಿ ಬರುತ್ತಿದ್ದೆ. ಗಣಿಯ ದುಡ್ಡು ಉಕ್ಕಿ ಹರಿಯುತ್ತಿದ್ದ ವರ್ಷಗಳವು. ಹೊಸಪೇಟೆಯಲ್ಲಿ ಒಗೆದು ಹರವಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣವಾಗುತ್ತಿತ್ತು. ಅದಿರಿನ ಲಾರಿಗಳ ಸಾಲು ಕೊನೆಯಿಲ್ಲದಂತೆ ನಿಂತಿರುತ್ತಿತ್ತು. ನಮ್ಮ ಶಾಲೆಯಲ್ಲೇ ಇಬ್ಬರು ಮೇಷ್ಟ್ರು ಪಾಲುದಾರಿಕೆಯಲ್ಲಿ ಟಿಪ್ಪರ್ ಕೊಂಡಿದ್ದರು. ಸ್ಟಾಫ್ ರೂಮಿನಲ್ಲಿ ಪಾಠದ ಮಾತಿಗಿಂತ ಟೈರಿನ ಮಾತೇ ಹೆಚ್ಚು. ಹತ್ತನೇ ತರಗತಿಗೆ ವೃತ್ತದ ಪಾಠ ಶುರುಮಾಡಿದ ದಿನ ಒಬ್ಬ ಹುಡುಗಿ ನಗುನಗುತ್ತಲೇ ಕೇಳಿದಳು: "ಅಕ್ಕೋರ, ಇದೆಲ್ಲಾ ಯಾಕ ಬೇಕ್ರಿ? ಲಾರಿಗೆ ಎಷ್ಟು ಟನ್ ಅಂತ ಎಣಿಸಾಕ ಬಂದ್ರ ಸಾಕಲ್ರಿ."

ಆ ಮಾತು ನನ್ನನ್ನು ಕುಟುಕಿತ್ತು. ಅದೇ ದಿನಗಳಲ್ಲಿ ಪತ್ರಿಕೆಯೊಂದರ ಭಾನುವಾರದ ಪುರವಣಿಯಲ್ಲಿ ಒಂದು ಚಿತ್ರ ನೋಡಿದೆ. ಯಾವುದೋ ದೂರದೇಶದ ಗೋಧಿ ಹೊಲ. ಅದರಲ್ಲಿ ಪೈರನ್ನು ಮಲಗಿಸಿ ಮೂಡಿಸಿದ ವೃತ್ತಗಳು, ತ್ರಿಕೋನಗಳು, ಹೂವಿನೆಸಳುಗಳು. ರಾತ್ರಿ ಬೆಳಗಾಗುವುದರೊಳಗೆ ಮೂಡುತ್ತವೆ, ಯಾರು ಮಾಡುತ್ತಾರೋ ಗೊತ್ತಿಲ್ಲ, ಅನ್ಯಲೋಕದವರೇ ಇರಬಹುದು ಎಂದೆಲ್ಲ ಬರೆದಿದ್ದರು. ಯಾರು ಎಂಬುದು ನನಗೆ ಬೇಕಿರಲಿಲ್ಲ. ಹೇಗೆ ಎಂಬುದು ಹಿಡಿದುಕೊಂಡಿತು. ಚಿತ್ರದ ಮೇಲೆ ತೆಳು ಕಾಗದ ಹಾಸಿ ಕೈವಾರ ಹಿಡಿದು ಕುಳಿತೆ. ಹೊರಗೊಂದು ದೊಡ್ಡ ವೃತ್ತ, ಅದರೊಳಗೆ ಅಂಚು ಮುಟ್ಟುವ ಸಮಬಾಹು ತ್ರಿಭುಜ, ತ್ರಿಭುಜದ ಮೂರೂ ಬಾಹುಗಳನ್ನು ಮುಟ್ಟುವಂತೆ ಒಳಗೊಂದು ಸಣ್ಣ ವೃತ್ತ. ಲೆಕ್ಕ ಹಾಕಿದೆ. ವಿಸ್ತೀರ್ಣದಲ್ಲಿ ದೊಡ್ಡದು ಸಣ್ಣದರ ಸರಿಯಾಗಿ ನಾಲ್ಕು ಪಟ್ಟು. ತ್ರಿಭುಜದ ಬದಲು ಚೌಕವಿಟ್ಟರೆ ಸರಿಯಾಗಿ ಎರಡು ಪಟ್ಟು. ಷಟ್ಕೋನವಿಟ್ಟರೆ ಮೂರಕ್ಕೆ ನಾಲ್ಕು. ಬಾಲದಂತೆ ಬೆಳೆಯುವ ದಶಾಂಶವಿಲ್ಲ, ಉಳಿಕೆಯಿಲ್ಲ. ಮನೆಯಲ್ಲಿ ಸಂಜೆಯ ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಅಪ್ಪನಿಗೆ ತೋರಿಸಿದಾಗ, "ಇದು ನಮ್ಮ ಸ್ವರಗಳ ಅನುಪಾತ ಕಣೆ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಎರಡು ಪಟ್ಟು, ಮಧ್ಯಮಕ್ಕೆ ಮೂರಕ್ಕೆ ನಾಲ್ಕು" ಎಂದು ಕನ್ನಡಕ ತೆಗೆದು ಮತ್ತೆ ನೋಡಿದರು. ಅಂದು ನಾನು ಸುಖವಾಗಿದ್ದೆ ಎಂದು ಹೇಳಲೇಬೇಕು.

ಮರುದಿನವೇ ಹತ್ತನೇ ತರಗತಿಯ ಹುಡುಗಿಯರನ್ನು ಆಟದ ಬಯಲಿಗೆ ಕರೆದೊಯ್ದೆ. ಗೂಟ ನೆಟ್ಟು, ಹಗ್ಗ ಕಟ್ಟಿ, ಸುಣ್ಣದ ಪುಡಿಯಿಂದ ವೃತ್ತ ಎಳೆಯುವುದು. ಸುತ್ತಿ ಬಂದರೆ ಹೊರಟ ಜಾಗಕ್ಕೆ ಗೆರೆ ಕೂಡಲೇ ಇಲ್ಲ. ಎರಡು ಸಲವೂ ಒಂದು ಗೇಣು ಒಳಗೇ ಬಂತು. ಶಾಲೆಯ ಹಿಂದಿನ ಗದ್ದೆಯ ಬದುವಿನ ಮೇಲೆ ಕೂತು ನೋಡುತ್ತಿದ್ದವನೊಬ್ಬ ಎದ್ದು ಬಂದ. ಐವತ್ತರ ಆಸುಪಾಸು, ತಲೆಗೆ ಟವೆಲು.

"ಅಕ್ಕೋರ, ಹಗ್ಗ ಗೂಟಕ್ಕ ಸುತ್ತಿಕೋತ ಹೊಂಟೈತಿ. ಹಂಗಾದ್ರ ದುಂಡಗ ಬರಂಗಿಲ್ರಿ. ಕುಣಿಕಿ ಸಡ್ಲ ಇಡಬೇಕು."

ಗೂಟದ ಬಿಗಿಗಂಟನ್ನು ಬಿಚ್ಚಿ, ಸರಾಗ ತಿರುಗುವ ಹಾಗೆ ಕುಣಿಕೆ ಹಾಕಿಕೊಟ್ಟ. ಈ ಸಲ ಗೆರೆ ಗೆರೆಗೆ ಕೂಡಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವನೇ ಮಾರೆಪ್ಪ. ಹಿಂದಿನ ಗದ್ದೆಯನ್ನು ಇಪ್ಪತ್ತು ವರ್ಷದಿಂದ ಪಾಲಿಗೆ ಮಾಡುತ್ತಿದ್ದವನು. ಗದ್ದೆಯ ಒಡೆಯ ಪಂಪನಗೌಡ ಹೊಸಪೇಟೆಯಲ್ಲಿದ್ದರು. ಯಂತ್ರ ಬರುವ ಮುಂಚೆ ಸುತ್ತಲಿನ ಹಳ್ಳಿಗಳಿಗೆಲ್ಲ ಕಣ ಮಾಡಿಕೊಡುತ್ತಿದ್ದುದು ಮಾರೆಪ್ಪನೇ ಅಂತೆ. ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತು ಕಟ್ಟಿ ತುಳಿಸುವ ಆ ದುಂಡನೆ ಅಂಗಳ ಹಾಕುವುದರಲ್ಲಿ ಅವನಿಗೆ ಹೆಸರಿತ್ತು. ಈಗ ಯಂತ್ರ ಗದ್ದೆಯಲ್ಲೇ ಕೊಯ್ದು ಅಲ್ಲೇ ಕಾಳು ಉದುರಿಸುತ್ತದೆ. ಕಣ ಯಾರಿಗೂ ಬೇಡ.

ನಾನು ಕಾಗದದ ಚಿತ್ರ ತೋರಿಸಿ, ಹೊರಗಿನದು ಒಳಗಿನದರ ನಾಲ್ಕು ಪಟ್ಟು ಎಂದು ಹೇಳಿದಾಗ ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಹೌದಲ್ರಿ. ಕಣ ದುಪ್ಪಟ್ಟು ಅಗಲ ಮಾಡಿದ್ರ ಬಳಿಯಾಕ ನಾಕು ಪಟ್ಟು ಸಗಣಿ ಬೇಕಾಕೈತಿ" ಎಂದ. ನಾನು ಹುಡುಗಿಯರ ಕಡೆ ತಿರುಗಿದೆ. ಲಾರಿಯ ಟನ್ನಿನ ಮಾತಾಡಿದ್ದವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಹೆಡ್‌ಮಾಸ್ಟರು ವರಾಂಡಕ್ಕೆ ಬಂದು, "ಮೇಡಂ, ಮೊದಲು ಸಿಲೆಬಸ್ ಮುಗಿಸ್ರಿ. ಈ ಆಟ ಎಲ್ಲಾ ಬ್ಯಾಡ" ಎಂದರು. ಸುಣ್ಣದ ಗೆರೆಯನ್ನು ಹುಡುಗಿಯರೇ ಕಾಲಿನಿಂದ ಅಳಿಸಿದರು.

ಆದರೆ ನನ್ನ ತಲೆಯಿಂದ ಅದು ಅಳಿಯಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಗದ್ದೆಯ ಬದುವಿಗೆ ಹೋಗುವುದು ರೂಢಿಯಾಯಿತು. ಮಾರೆಪ್ಪನ ಹೆಂಡತಿ ಹುಲಿಗೆಮ್ಮ ರೊಟ್ಟಿ, ಶೇಂಗಾ ಚಟ್ನಿ ತಂದಿರುತ್ತಿದ್ದಳು. "ಕುಂದ್ರಿ ಅಕ್ಕೋರ, ಒಂದು ತುತ್ತು ತಿನ್ರಿ" ಎಂದು ತಾನೇ ಅರ್ಧ ರೊಟ್ಟಿ ಮುರಿದು ಕೊಡುತ್ತಿದ್ದಳು. ಮಾರೆಪ್ಪ ಕಡ್ಡಿಯಲ್ಲಿ ಮಣ್ಣಿನ ಮೇಲೆ ವೃತ್ತ ಎಳೆಯುತ್ತಿದ್ದ. ನಡುವಿನಿಂದ ಅಂಚಿಗಿರುವ ಅಳತೆಯಲ್ಲೇ ಅಂಚಿನ ಮೇಲೆ ಹೆಜ್ಜೆ ಹಾಕುತ್ತ ಹೋದರೆ ಸರಿಯಾಗಿ ಆರನೆಯದಕ್ಕೆ ಮೊದಲಿನ ಜಾಗಕ್ಕೇ ಬರುತ್ತದೆ ಎಂದು ನಾನು ತೋರಿಸುತ್ತಿದ್ದೆ. ಆ ಆರರಲ್ಲಿ ಒಂದು ಬಿಟ್ಟು ಒಂದನ್ನು ಕೂಡಿಸಿದರೆ ತ್ರಿಭುಜ. ಅವನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದ. "ಏಳು ಯಾಕ ಬರಂಗಿಲ್ಲಂತೀನಿ" ಎಂದು ಒಮ್ಮೆ ತನ್ನಲ್ಲೇ ಹೇಳಿಕೊಂಡ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಒಳ್ಳೆಯ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ನನ್ನನ್ನು ಕೇಳಿಲ್ಲ ಎಂದು ನಿವೃತ್ತಿಯ ದಿನ ಹೇಳಬೇಕೆಂದುಕೊಂಡಿದ್ದೇನೆ. ಹೇಳುವ ಧೈರ್ಯ ಬರುತ್ತದೋ ಇಲ್ಲವೋ.

ಬೆಳೆ ಹಳದಿಗೆ ತಿರುಗುವ ಹೊತ್ತಿಗೆ ಒಂದು ಜೋರು ಮಳೆ ಬಂತು. ಮಾರೆಪ್ಪನ ಗದ್ದೆಯ ಒಂದು ಮೂಲೆ ಮಲಗಿತು. ನನಗೆ ಮೊದಲು ಹೊಳೆದದ್ದು ಅವನ ನಷ್ಟವಲ್ಲ, ಆ ಚಿತ್ರ. ಬಿದ್ದ ಜಾಗದಲ್ಲೇ ನಿಜವಾದ ಅಳತೆಯಲ್ಲಿ ಮೂಡಿಸಿ, ಸೋಮವಾರ ಹುಡುಗಿಯರನ್ನು ಶಾಲೆಯ ಮಾಳಿಗೆಗೆ ಹತ್ತಿಸಿ ತೋರಿಸಬೇಕು, ಅವರೇ ಅನುಪಾತ ಕಂಡುಹಿಡಿಯಬೇಕು, ಕೊನೆಗೆ ಯಾರು ಮಾಡಿದ್ದೆಂದು ಹೇಳಬೇಕು. ಇದನ್ನು ಹೇಳಿದಾಗ ಮಾರೆಪ್ಪ ನಕ್ಕ. "ಬಿದ್ದದ್ದು ಬಿದ್ದೈತಿ. ಮಾಡೂನ್ರಿ."

ಭಾನುವಾರ ಬೆಳಗಿನ ಬಸ್ಸಿಗೆ ಹೋದೆ. ಅಂದು ಊರಿನ ದೊಡ್ಡ ಮನೆಯೊಂದರ ಮದುವೆ, ಜನವೆಲ್ಲ ಅಲ್ಲಿದ್ದರು. ಶಾಲೆಯಿಂದ ಅಳತೆಯ ಟೇಪು ತಂದಿದ್ದೆ. ಗೂಟ ನೆಟ್ಟು ಟೇಪು ಹಿಡಿದು ನೋಡಿದರೆ, ಮಲಗಿದ ಜಾಗದಲ್ಲಿ ಅರ್ಧ ವೃತ್ತಕ್ಕೆ ಮಾತ್ರ ಸ್ಥಳವಿತ್ತು. ಉಳಿದರ್ಧ ನಿಂತ ಭತ್ತದೊಳಗೆ ಹೋಗುತ್ತಿತ್ತು.

"ಸಣ್ಣದು ಮಾಡ್ರಿ ಅಕ್ಕೋರ. ನಿಂತ ಭತ್ತ ತುಳೀಬಾರ್ದು" ಎಂದಳು ಹುಲಿಗೆಮ್ಮ.

ಸಣ್ಣದು ಮಾಡಬಹುದಿತ್ತು. ಅನುಪಾತಕ್ಕೆ ಅಳತೆಯ ಹಂಗಿಲ್ಲ. ಆ ಮಾತು ಅಂದು ಅಲ್ಲಿದ್ದವರಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೆ ಮಾಳಿಗೆಯಿಂದ ದೊಡ್ಡದಾಗಿ ಕಾಣಬೇಕೆಂಬ ಆಸೆ ನನ್ನದು. "ಮಾಳಿಗೆ ಮೇಲಿಂದ ಕಾಣೋದಿಲ್ಲ" ಎಂದೆ. ಮಾರೆಪ್ಪ ಹೆಂಡತಿಯ ಮುಖ ನೋಡಿ, "ಇಷ್ಟ ಐತಲ್ಲ, ನಾಡಿದ್ದು ಕೈಲೆ ಕೊಯ್ಕೊಂಡ್ರಾತು ಬಿಡು" ಎಂದ. ಅವಳು ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಗದ್ದೆಗಿಳಿದಳು.

ಮಾರೆಪ್ಪ ಟೇಪು ಬಿಟ್ಟು, ಎರಡೂ ಕೈ ಚಾಚಿ ಅಳೆದದ್ದು ಆರು ಮಾರಿನ ಹಗ್ಗ. ಹೊರಗಿನ ವೃತ್ತವಾಯಿತು. ಆರು ಕಡೆ ಕಡ್ಡಿ ನೆಟ್ಟು, ಒಂದು ಬಿಟ್ಟು ಒಂದಕ್ಕೆ ದಾರ ಬಿಗಿದು ತ್ರಿಭುಜವಾಯಿತು. ಒಳವೃತ್ತಕ್ಕೆ ಅದೇ ಹಗ್ಗವನ್ನು ಎರಡಾಗಿ ಮಡಚಿದೆವು. ಮಾರೆಪ್ಪ ಅದನ್ನು ಹಿಡಿದು ಸುತ್ತುತ್ತಾ ಬಂದ. ಮೂರೂ ಬಾಹುಗಳ ನಟ್ಟನಡುವೆ ಒಂದೊಂದು ಸಲ ಅವನ ಕೈ ದಾರಕ್ಕೆ ತಾಕಿತು, ದಾಟಲಿಲ್ಲ. ಮೂರನೆಯದು ತಾಕಿದಾಗ ನಿಂತುಬಿಟ್ಟ. "ಬರೇ ಮಡಚಿದ್ವಿ, ಇಷ್ಟ. ಮೂರೂ ಕಡಿ ಮುಟ್ಟಿತಲ್ರಿ" ಎಂದ. ಹಲಗೆಗೆ ಹಗ್ಗ ಕಟ್ಟಿ ಕಾಲಿನಿಂದ ಒತ್ತುತ್ತ ಪೈರು ಮಲಗಿಸಿದೆವು. ಮಳೆಗೆ ಬಿದ್ದ ಕಡೆಯ ಮೂಲೆಯಲ್ಲಿ ಹುಲಿಗೆಮ್ಮ ಪೈರನ್ನು ಹಿಡಿಹಿಡಿಯಾಗಿ ಎತ್ತಿ ಕಟ್ಟಿ ನಿಲ್ಲಿಸಿದಳು. ಮಧ್ಯಾಹ್ನ ಮೂರಕ್ಕೆ ಮುಗಿಯಿತು. ತ್ರಿಭುಜದ ಮೂರು ಮೂಲೆಗಳಷ್ಟೇ ಹೊಂಬಣ್ಣದಲ್ಲಿ ಎದ್ದು ನಿಂತಿದ್ದವು. ಕಾಲುವೆಯ ಏರಿ ಹತ್ತಿ ಮೂವರೂ ನೋಡಿದೆವು. ಹುಲಿಗೆಮ್ಮ ಕೂಡ, "ಚಂದ ಆಗೈತಿ" ಎಂದಳು.

ಸೋಮವಾರ ಬಸ್ಸಿಳಿಯುವ ಹೊತ್ತಿಗೆ ಏರಿಯ ತುಂಬ ಜನ. ಬೆಳಗಿನ ಬಸ್ಸಿನವರು ಕಂಡು ಸುತ್ತಲ ಊರುಗಳಿಗೆ ಸುದ್ದಿ ಮುಟ್ಟಿಸಿದ್ದರು. ಕೆಲವು ಹೆಂಗಸರು ದೇವಿಯ ಚಕ್ರವೆಂದು ಕಾಯಿ ತಂದಿದ್ದರು. ಕಂಡಕ್ಟರು ಹಾರುವ ತಟ್ಟೆ ಎನ್ನುತ್ತಿದ್ದ. ಜನ ಹತ್ತಿರದಿಂದ ನೋಡಲು ಗದ್ದೆಗೆ ನುಗ್ಗುತ್ತಿದ್ದರು. ಮಾರೆಪ್ಪ ಟವೆಲು ಬೀಸುತ್ತ, "ಏ, ಬದುವಿನ ಮ್ಯಾಲೆ ನಿಂದ್ರಲೇ" ಎಂದು ಕೂಗುತ್ತಾ ಓಡಾಡುತ್ತಿದ್ದ. ಜನ ಕರಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡು ಶಾಲೆಯೊಳಗೆ ಹೋದೆ. ಹತ್ತನೇ ತರಗತಿಯ ಹುಡುಗಿಯರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬೀಜಗಣಿತದ ಪಾಠ ತೆಗೆದೆ.

ಸಂಜೆಯ ಹೊತ್ತಿಗೆ ಚಕ್ರವೂ ತಟ್ಟೆಯೂ ಹಿಂದೆ ಬಿದ್ದು ಮೂರನೆಯ ಮಾತೊಂದು ಗಟ್ಟಿಯಾಗಿತ್ತು. ಆ ತಿಂಗಳುಗಳಲ್ಲಿ ಗಣಿಯ ಧಣಿಗಳ ಹೆಲಿಕಾಪ್ಟರ್ ನಮ್ಮ ತಲೆಯ ಮೇಲೆ ಆಗಾಗ ಹಾಯುತ್ತಿತ್ತು. ಅದನ್ನು ಇಳಿಸಲು ಗುರುತು ಹಾಕಿದ್ದಾರೆ, ಈ ನೆಲದಲ್ಲೂ ಅದಿರಿದೆಯಂತೆ, ಗದ್ದೆಗಳೆಲ್ಲ ಹೋಗುತ್ತವಂತೆ ಎಂಬುದು ಆ ಮಾತು. ಆ ವರ್ಷಗಳಲ್ಲಿ ನಮ್ಮ ಕಡೆ ಇಂಥ ಮಾತನ್ನು ನಂಬದವರು ಯಾರು?

ಬುಧವಾರ ಪಂಪನಗೌಡರು ಜೀಪಿನಲ್ಲಿ ಬಂದರು. ಬಿಸಿಲೆಂದು ಶಾಲೆಯ ವರಾಂಡದಲ್ಲೇ ಕುರ್ಚಿ ಹಾಕಿಸಿದರು. ಹೆಡ್‌ಮಾಸ್ಟರು ಪಕ್ಕದಲ್ಲಿ, ನಾವು ಶಿಕ್ಷಕರು ಗೋಡೆಗೆ ಒರಗಿ. ಕೆಳಗೆ ಅಂಗಳದಲ್ಲಿ ಮಾರೆಪ್ಪ ನಿಂತಿದ್ದ.

"ಯಾರು ಮಾಡ್ಯಾರಪ್ಪ ಇದನ್ನ?" ಗೌಡರ ದನಿ ಏರಿರಲಿಲ್ಲ.

ಮಾರೆಪ್ಪ ಒಂದೇ ಒಂದು ಸಲ ಕಣ್ಣೆತ್ತಿ ನನ್ನ ಕಡೆ ನೋಡಿದ. ಬೇಡುವ ನೋಟವಲ್ಲ, ದೂರುವ ನೋಟವೂ ಅಲ್ಲ. ಹೇಳಲೋ ಬೇಡವೋ ಎಂದು ಕೇಳುವ ನೋಟ. ನಾನು ಕಣ್ಣು ತಗ್ಗಿಸಿದೆ.

"ನಂಗ ಗೊತ್ತಿಲ್ರೀ ಗೌಡ್ರ" ಎಂದ.

"ನೀ ಮಾಡೋ ಗದ್ದ್ಯಾಗ ನಿಂಗ ಗೊತ್ತಿಲ್ದಂಗ ಅಳತಿ ಹಾಕ್ಯಾರಾ? ನಡುವ ಗೂಟದ ತೂತು ಐತಿ. ಮಣ್ಣು ಹತ್ತಿದ ಹಗ್ಗ ನಿನ್ನ ಗುಡಿಸಲಾಗ ಸಿಕ್ಕೈತಿ. ಯಾವ ಮೈನಿಂಗ್‌ನವ್ರು ಬಂದಿದ್ರು ಹೇಳು. ನನ್ನ ಕೇಳ್ದ ನನ್ನ ಭೂಮಿ ತೋರಿಸಾಕ ಎಷ್ಟು ಧೈರ್ಯ ನಿಂಗ."

ಮಾರೆಪ್ಪ ತಲೆ ಅಲ್ಲಾಡಿಸಿದ, ಅಷ್ಟೇ. ಗೌಡರು ಎದ್ದರು. "ಈ ಬೆಳಿ ಕೊಯ್ಕೊ. ಮುಂದಿನದಕ್ಕ ನಾ ಬ್ಯಾರೆ ನೋಡ್ಕೋತೀನಿ."

ಮಾತು ಮುಗಿಯಲು ಐದು ನಿಮಿಷ ಹಿಡಿಯಲಿಲ್ಲ. ನಾನು ನಿಂತಲ್ಲಿಂದ ಗೌಡರ ಕುರ್ಚಿಗೆ ನಾಲ್ಕು ಹೆಜ್ಜೆ. ಜೀಪು ಹೋದ ಮೇಲೆ ಹೆಡ್‌ಮಾಸ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. "ಮೇಡಂ, ಅವತ್ತು ಬಯಲಾಗ ಇಂಥದ್ದ ಏನೋ ಮಾಡ್ತಿದ್ರಿ. ನೀವೇನರ ಇದ್ರಾಗ ಇದ್ದೀರೇನು? ಪ್ರೊಬೇಷನ್ ವರದಿ ನಾನ ಕಳಿಸಬೇಕು ನೋಡ್ರಿ, ಅದಕ್ಕ ಕೇಳಿದೆ."

"ಇಲ್ಲ ಸರ್" ಎಂದೆ. ಎರಡೇ ಪದ. ಮೊದಲಿನದು ಮೌನವಾಗಿತ್ತು, ಇದು ಸುಳ್ಳು.

ಎರಡು ದಿನದ ನಂತರ, ಊಟದ ಬಿಡುವಿನಲ್ಲಿ ಮಾರೆಪ್ಪ ತರಗತಿಯ ಬಾಗಿಲಿಗೆ ಬಂದ. ಒಳಗೆ ನಾನೊಬ್ಬಳೇ ಇದ್ದೆ. ಟವೆಲಿನ ಗಂಟು ಬಿಚ್ಚಿ ಅಳತೆಯ ಟೇಪನ್ನು ಮೇಜಿನ ಮೇಲಿಟ್ಟ. ಶಾಲೆಯ ಹೆಸರು ಬರೆದಿದ್ದ, ಭಾನುವಾರ ನಾನು ಗದ್ದೆಯಲ್ಲೇ ಮರೆತು ಬಂದಿದ್ದ ಟೇಪು.

"ಗೌಡ್ರ ಕೈಗೆ ಸಿಗಬಾರ್ದು ಅಂತ ಹುಲ್ಲಿನಾಗ ಹುದುಗಿಸಿಟ್ಟಿದ್ದೆ ಅಕ್ಕೋರ. ಅಷ್ಟು ಗಂಡಸ್ರ ಮುಂದ ನಿಮ್ಮ ಹೆಸರು ಯಾಕ ತರಬೇಕಂತ ಸುಮ್ನಾದೆ."

"ನಾನೇ ಗೌಡರ ಮನೆಗೆ ಹೋಗಿ ಹೇಳ್ತೀನಿ ಮಾರೆಪ್ಪ. ಹೊಸಪೇಟೆಯಲ್ಲೇ ಇರೋದು. ಇವತ್ತೇ ಹೇಳ್ತೀನಿ" ಎಂದೆ.

"ಆಗಲ್ರಿ" ಎಂದು ಕೈಮುಗಿದು ಹೋದ.

ಆ ಸಂಜೆ ಗೌಡರ ಮನೆಯ ಬೀದಿಯ ತುದಿಯವರೆಗೆ ಹೋದೆ. ಗೇಟಿನ ಮುಂದೆ ಮೂರು ಟಿಪ್ಪರ್ ನಿಂತಿದ್ದವು, ಜನ ಇದ್ದರು. ನಾಳೆ ಎಂದುಕೊಂಡು ಹಿಂತಿರುಗಿದೆ. ನಾಳೆ, ವಾರ ಕಳೆದ ಮೇಲೆ, ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ. ಅವರು ಕೇಳಿದರೆ ಹೆಡ್‌ಮಾಸ್ಟರಿಗೆ ಫೋನು ಹೋಗುತ್ತದೆ, ಸುಳ್ಳು ಹೇಳಿದ್ದು ತಿಳಿಯುತ್ತದೆ, ವರದಿ ಕೆಡುತ್ತದೆ. ಅಪ್ಪನ ನಿವೃತ್ತಿಗೆ ಒಂದೇ ವರ್ಷ. ಕಾರಣಗಳಿಗೆ ಬರವಿರಲಿಲ್ಲ. ಅತ್ತ ಮಾರೆಪ್ಪ ಮತ್ತು ಹುಲಿಗೆಮ್ಮ, ಜನ ತುಳಿದ ಭತ್ತವನ್ನು ಕುಡುಗೋಲಿನಲ್ಲಿ ಕೊಯ್ದರು. ಕಾಳು ಅರ್ಧಕ್ಕರ್ಧ ಕೆಸರಿಗಿಳಿದಿತ್ತು. ಆ ದಿನಗಳಲ್ಲಿ ನಾನು ಬಿಡುವಿನ ವೇಳೆಯಲ್ಲಿ ಬದುವಿಗೆ ಹೋಗಲಿಲ್ಲ. ಗದ್ದೆಯ ಕಡೆಯ ಕಿಟಕಿಗೆ ಬೆನ್ನು ಮಾಡಿ ಪಾಠ ಮಾಡಿದೆ. ಸಂಕ್ರಾಂತಿ ರಜೆ ಮುಗಿಸಿ ಬಂದಾಗ ಗುಡಿಸಲು ಖಾಲಿಯಿತ್ತು. ಸಂಡೂರಿನ ಕಡೆ ಅದಿರು ಆರಿಸುವ ಕೆಲಸಕ್ಕೆ ಹೋದರೆಂದು ಯಾರೋ ಹೇಳಿದರು.

ಏಪ್ರಿಲ್‌ನಲ್ಲಿ ನನ್ನ ಪ್ರೊಬೇಷನ್ ಮುಗಿದ ಆದೇಶ ಬಂತು. ಅದು ಕೈಗೆ ಬಂದ ಮೇಲೇ ನಾನು ಪಂಪನಗೌಡರ ಗೇಟು ತೆಗೆದೆ. ಇದನ್ನು ಹೇಗೆ ಬರೆದರೂ ಚೆನ್ನಾಗಿ ಕಾಣುವುದಿಲ್ಲ.

ಗೌಡರು ಪೂರ್ತಿ ಕೇಳಿದರು. ಆಮೇಲೆ ನಕ್ಕುಬಿಟ್ಟರು. "ಅಯ್ಯ, ಲೆಕ್ಕ ಕಲಿಸಾಕ ಮಾಡಿದ್ದೇನ್ರಿ ಅದು? ಅವತ್ತ ಹೇಳಿದ್ರ ಅಲ್ಲೇ ಮುಗೀತಿತ್ತಲ್ರಿ ಮೇಡಂ. ನಾ ಏನು ಹುಲೀನಾ? ಮಾರೆಪ್ಪ ಒಳ್ಳೆ ಮನುಷ್ಯ. ಈಗ ಗದ್ದಿ ಆಂಧ್ರ ಕ್ಯಾಂಪಿನ ರೈತ್ರಿಗೆ ಕೊಡ್ತೀನಂತ ಮಾತು ಕೊಟ್ಟೀನಿ, ಅವ್ರು ನೀರು ಸೈತ ಬಿಟ್ಕೊಂಡಾರ." ಚಹಾ ತರಿಸಿದರು. ಹೊರಡುವಾಗ, "ನಮ್ಮ ಹುಡುಗಿ ಒಂಬತ್ತನೇ ಕ್ಲಾಸು. ಲೆಕ್ಕದಾಗ ಭಾಳ ಹಿಂದ. ಸಂಜೀ ಮುಂದ ಟ್ಯೂಷನ್ ಹೇಳ್ತೀರೇನು?" ಎಂದು ಕೇಳಿದರು.

ಹೇಳಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ಅದು ಗೊತ್ತಾದದ್ದೇ ನನಗೆ ಹೆಚ್ಚಿನ ಶಿಕ್ಷೆ.

ಮುಂದಿನ ಭಾನುವಾರ ಸಂಡೂರಿನ ಬಸ್ಸು ಹತ್ತಿದೆ. ಎರಡು ಮೂರು ಕಡೆ ಕೇಳಿ, ಗುಡ್ಡದ ಬುಡದ ಒಂದು ಅದಿರಿನ ರಾಶಿಯ ಹತ್ತಿರ ಹುಲಿಗೆಮ್ಮನನ್ನು ಕಂಡುಹಿಡಿದೆ. ಸೀರೆ, ಕೂದಲು, ರೆಪ್ಪೆ ಎಲ್ಲ ಒಂದೇ ಕೆಂಪು. ಸುತ್ತಿಗೆಯಿಂದ ಕಲ್ಲು ಒಡೆದು ಪುಟ್ಟಿಗೆ ತುಂಬುತ್ತಿದ್ದಳು. ನನ್ನನ್ನು ನೋಡಿ, "ಬರ್ರಿ ಅಕ್ಕೋರ" ಎಂದು ಕೂರಲು ಗೋಣಿಚೀಲ ಹಾಸಿದಳು.

"ಗೌಡರಿಗೆ ಎಲ್ಲಾ ಹೇಳಿದೆ ಹುಲಿಗೆಮ್ಮ" ಎಂದೆ.

"ಯಾವಾಗ್ರಿ?"

"ಮೊನ್ನೆ."

ಅವಳ ಸುತ್ತಿಗೆ ನಿಂತಿತು. ಗುಡ್ಡದ ದಾರಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

"ಅಕ್ಕೋರ, ನಮ್ಮ ಮನಿಯವ್ರ ಮುಂದ ಮೊನ್ನಿ ಅನಬ್ಯಾಡ್ರಿ. ಟೇಪು ಕೊಟ್ಟ ದಿನಾನ ನೀವು ಹೋಗಿ ಹೇಳೀರಿ, ಗೌಡ್ರ ಕೇಳ್ಲಿಲ್ಲ ಅಂತ ತಿಳ್ಕೊಂಡಾರ ಅವ್ರು. ಅಕ್ಕೋರು ಹೇಳ್ಯಾರ, ಇವತ್ತಿಲ್ಲ ನಾಳಿ ಗೌಡ್ರು ಕರೀತಾರ ಅಂತ ಸಂಕ್ರಾಂತಿ ತನಕ ನನ್ನ ಗಂಟು ಕಟ್ಟಾಕ ಬಿಡ್ಲಿಲ್ಲ. ಹಂಗ ಇರ್ಲಿ. ಅದೊಂದು ಇರ್ಲಿ ಅವ್ರಿಗೆ."

ಸ್ವಲ್ಪ ಹೊತ್ತಿಗೆ ಮಾರೆಪ್ಪ ಬಂದ. ಸಣ್ಣಗಾಗಿದ್ದ. ನನ್ನನ್ನು ಕಂಡು ಕೆಂಪು ಕೈಗಳನ್ನು ಪಂಚೆಗೆ ಒರೆಸಿಕೊಂಡು ಮುಗಿದ. ಅವನ ಹಿಂದೆ ಇನ್ನೂ ನಾಲ್ಕೈದು ಜನ ಕೆಲಸದವರಿದ್ದರು. ಅವರ ಕಡೆ ತಿರುಗಿ ಹೇಳಿದ:

"ಇವ್ರ ನೋಡ್ರಪಾ ನಮ್ಮ ಅಕ್ಕೋರು. ನಮ್ಮ ಸಲುವಾಗಿ ಗೌಡ್ರ ಮನೀಗೆ ಹೋಗಿ ಮಾತಾಡಿದವ್ರು."

ಅವರೂ ಕೈಮುಗಿದರು. ಹುಲಿಗೆಮ್ಮ ತಲೆಯೆತ್ತದೆ ಕಲ್ಲು ಒಡೆಯುತ್ತಿದ್ದಳು. ಮಾರೆಪ್ಪ ಕೊಡದಿಂದ ಒಂದು ಲೋಟ ನೀರು ಬಗ್ಗಿಸಿ ತಂದು ಕೊಟ್ಟ. ನಾನು ಅದನ್ನು ಕುಡಿದೆ.